ಮೊದಲ ಕುಲಾವಿ: ಹೆಣಿಗೆಯನ್ನು ಹವ್ಯಾಸವಾಗಿ ಆರಂಭಿಸುವ ಬಗೆ

ನಮ್ಮಲ್ಲಿ ಅನೇಕ ಮನೆಗಳಲ್ಲಿ ಹೆಣಿಗೆಯ ಕಡ್ಡಿಗಳು ಹೊರಬರುವುದು ಮಗಳಿಗೋ ಸೊಸೆಗೋ ಏಳು ತಿಂಗಳು ತುಂಬಿದಾಗ. ಹುಟ್ಟಲಿರುವ ಕೂಸಿಗೆ ಒಂದು ಸ್ವೆಟರ್, ಒಂದು ಕುಲಾವಿ, ಒಂದು ಜೊತೆ ಕಾಲುಚೀಲ ಆಗಲೇಬೇಕೆಂಬ ಉತ್ಸಾಹದಲ್ಲಿ ಉಲ್ಲನ್ ತಂದು, ಮೊದಲಿಗೇ ಸ್ವೆಟರಿಗೆ ಕೈ ಹಾಕಿ, ಕೂಸು ಎದ್ದು ಓಡಾಡುವ ಹೊತ್ತಿಗೂ ಒಂದೂವರೆ ತೋಳಿನಲ್ಲೇ ನಿಂತುಹೋದ ಸ್ವೆಟರುಗಳು ಎಷ್ಟೋ ಬೀರುಗಳ ಮೂಲೆಯಲ್ಲಿವೆ. ನನ್ನ ಬೀರುವಿನಲ್ಲಿಯೂ ಒಂದಿದೆ.

ಹೀಗಾಗುವುದಕ್ಕೆ ಕಾರಣವನ್ನು ನಾನು ತಡವಾಗಿ ತಿಳಿದೆ. ಕಡ್ಡಿ ಆಡಿಸುವುದನ್ನು ಕೈ ಎರಡು ಸಂಜೆಗಳಲ್ಲಿ ಕಲಿತುಬಿಡುತ್ತದೆ. ಆದರೆ ಹೆಣೆದದ್ದನ್ನು ನೋಡಿ, ಯಾವ ಸಾಲಿನ ಯಾವ ಕುಣಿಕೆಯಲ್ಲಿ ತಪ್ಪಿದೆ ಎಂದು ಗುರುತಿಸುವ ಕಣ್ಣು ಬರುವವರೆಗೆ ಪ್ರತಿಯೊಂದು ತಪ್ಪಿಗೂ ಇಡೀ ತುಂಡನ್ನು ಬಿಚ್ಚಬೇಕಾಗುತ್ತದೆ, ಮತ್ತು ಮೂರು ಸಲ ಬಿಚ್ಚಿದವರು ಸಾಮಾನ್ಯವಾಗಿ ನಾಲ್ಕನೆಯ ಸಲ ಕಡ್ಡಿ ಹಿಡಿಯುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಮೊದಲು ಒಂದು ಚೌಕವನ್ನೂ ಅನಂತರ ಒಂದು ಕುಲಾವಿಯನ್ನೂ ಹೆಣೆಯುವ ಕ್ರಮವನ್ನು ಹೇಳುತ್ತೇನೆ. ಸ್ವೆಟರಿನ ಮಾತು ಆಮೇಲೆ.

ಸಾಮಾನು ಹೆಚ್ಚೇನೂ ಬೇಕಿಲ್ಲ: ಒಂದು ಜೊತೆ ಕಡ್ಡಿ, 50 ಗ್ರಾಮಿನ ಎರಡು ಉಂಡೆ ಉಲ್ಲನ್, ದಪ್ಪ ಕಣ್ಣಿನ ದಬ್ಬಣದಂಥ ಮೊಂಡು ಸೂಜಿ, ಅಳತೆಯ ಟೇಪು, ಕತ್ತರಿ ಮತ್ತು ಒಂದು ಕ್ರೋಶಾ ಕಡ್ಡಿ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಸಣ್ಣ ಊರುಗಳಲ್ಲಿ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅಥವಾ ಫ್ಯಾನ್ಸಿ ಸ್ಟೋರಿನಲ್ಲಿ ಕೇಳಬೇಕು. ಕಡ್ಡಿಯ ನಂಬರಿನ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಬ್ರಿಟಿಷರ ಹಳೆಯ ಎಣಿಕೆಯಾದ್ದರಿಂದ ನಂಬರು ಹೆಚ್ಚಾದಷ್ಟೂ ಕಡ್ಡಿ ತೆಳ್ಳಗಾಗುತ್ತದೆ: 8ನೇ ನಂಬರು 4 ಮಿಲಿಮೀಟರ್, 10ನೇ ನಂಬರು 3.25 ಮಿಲಿಮೀಟರ್, 12ನೇ ನಂಬರು 2.75 ಮಿಲಿಮೀಟರ್. ಅಮೆರಿಕದ ಎಣಿಕೆ ಇದಕ್ಕೆ ತಿರುಗುಮುರುಗು. ಅಲ್ಲಿಯ 8ನೇ ನಂಬರೆಂದರೆ 5 ಮಿಲಿಮೀಟರ್. ಅಮೆರಿಕದವರ ವಿಡಿಯೋ ನೋಡಿ ಇಲ್ಲಿ 8ನೇ ನಂಬರು ಕೇಳಿ ತಂದವರ ಟೋಪಿ ಗೊಂಬೆಯ ತಲೆಗೆ ಮಾತ್ರ ಆಗುವುದು ಹೀಗೆ. ಮಿಲಿಮೀಟರಿನಲ್ಲೇ ಕೇಳುವುದು ಕ್ಷೇಮ. ಆರಂಭಕ್ಕೆ 4 ಮಿಲಿಮೀಟರಿನ ಕಡ್ಡಿ ಸರಿಯಾದದ್ದು. ಅಲ್ಯೂಮಿನಿಯಂ ಕಡ್ಡಿಯ ಮೇಲೆ ಕುಣಿಕೆಗಳು ಬೇಗ ಜಾರುತ್ತವೆ, ಬಿದಿರಿನ ಕಡ್ಡಿ ಅವುಗಳನ್ನು ಸ್ವಲ್ಪ ಹಿಡಿದಿಡುತ್ತದೆ. ಹೊಸಬರಿಗೂ, ಕೈ ಬೆವರುವವರಿಗೂ ಬಿದಿರೇ ಮೇಲು.

ನಮ್ಮಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಉಣ್ಣೆಯಲ್ಲ, ಲುಧಿಯಾನದ ಕಡೆಯಿಂದ ಬರುವ ಅಕ್ರಿಲಿಕ್ ದಾರ. ಅದರಲ್ಲಿ ಅವಮಾನವೇನೂ ಇಲ್ಲ. ಅದು ಅಗ್ಗ, ಮೃದು, ಪದೇ ಪದೇ ಒಗೆಯಲು ಅನುಕೂಲ, ಹತ್ತು ಸಲ ಬಿಚ್ಚಿ ಹೆಣೆದರೂ ತಾಳಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಸೆಕೆಗೆ ಹತ್ತಿಯ ದಾರ ಒಳ್ಳೆಯದು, ಆದರೆ ಹತ್ತಿಗೆ ಹಿಗ್ಗುವ ಗುಣ ಕಡಿಮೆಯಾದ್ದರಿಂದ ಕಲಿಯುವವರ ಬೆರಳು ಬೇಗ ನೋಯುತ್ತದೆ. ಕಂಬಳಿಗೆ ಬಳಸುವ ನಮ್ಮ ದಖ್ಖನಿ ಕುರಿಯ ಉಣ್ಣೆಯನ್ನು ಹೆಣೆಯಬಾರದೇ ಎಂದು ಕೆಲವರು ಕೇಳುತ್ತಾರೆ. ಅದು ಮಗ್ಗದಲ್ಲಿ ನೇಯ್ದು ಮಳೆ ಚಳಿಗೆ ಹೊದೆಯಲು ತಕ್ಕದ್ದೇ ಹೊರತು, ಅದರ ಒರಟು ಎಳೆ ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಬಣ್ಣ ಆರಿಸುವಾಗ ತಿಳಿಬಣ್ಣವನ್ನೇ ಆರಿಸಬೇಕು. ಕಪ್ಪು ಅಥವಾ ಕಡುನೀಲಿ ದಾರದಲ್ಲಿ ಕುಣಿಕೆಗಳು ದೀಪದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಎರಡೂ ಉಂಡೆಗಳ ಚೀಟಿಯ ಮೇಲಿನ ಶೇಡ್ ನಂಬರು ಮತ್ತು ಲಾಟ್ ನಂಬರು ಒಂದೇ ಆಗಿವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು, ಏಕೆಂದರೆ ಬೇರೆ ಲಾಟಿನ ಬಣ್ಣದಲ್ಲಿರುವ ಸಣ್ಣ ವ್ಯತ್ಯಾಸ ಉಂಡೆಯಲ್ಲಿ ಕಾಣದಿದ್ದರೂ ಹೆಣೆದ ಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಈಗ ಚೌಕ. ದಾರದ ತುದಿಯಿಂದ ಸುಮಾರು 60 ಸೆಂಟಿಮೀಟರ್ ಬಿಟ್ಟು, ಅಲ್ಲಿ ಒಂದು ಜಾರುಗಂಟು ಹಾಕಿ ಬಲಗೈಯ ಕಡ್ಡಿಗೆ ಸೇರಿಸಬೇಕು. ಬಿಟ್ಟ ತುದಿಯನ್ನು ಎಡಗೈ ಹೆಬ್ಬೆರಳಿಗೆ ಸುತ್ತಿ, ಆ ಸುತ್ತಿನೊಳಗೆ ಕಡ್ಡಿಯನ್ನು ಕೆಳಗಿನಿಂದ ತೂರಿಸಿ, ಉಂಡೆಯ ಕಡೆಯ ದಾರವನ್ನು ಕಡ್ಡಿಯ ತುದಿಗೆ ಒಂದು ಸುತ್ತು ಹಾಕಿ, ಹೆಬ್ಬೆರಳಿನ ಸುತ್ತನ್ನು ಅದರ ಮೇಲಿಂದ ದಾಟಿಸಿ ಮೆಲ್ಲಗೆ ಎಳೆದರೆ ಎರಡನೆಯ ಕುಣಿಕೆ ಸಿದ್ಧ. ಹೀಗೆ 30 ಕುಣಿಕೆ ಹಾಕಬೇಕು. ಹೊಸಬರೆಲ್ಲರೂ ಈ ಮೊದಲ ಸಾಲನ್ನು ಕತ್ತು ಹಿಸುಕಿದಂತೆ ಬಿಗಿ ಮಾಡುತ್ತಾರೆ. ಹಾಗಾಗದಿರಲು ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು ಅವುಗಳ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದು ತೆಗೆದರೆ ಸಾಕು.

ಹೆಣಿಗೆಯಲ್ಲಿ ಮೂಲವಾಗಿ ಇರುವುದು ಎರಡೇ ಚಲನೆ. ನಮ್ಮ ಕಡೆ ಅವುಗಳನ್ನು ನಿಟ್ ಮತ್ತು ಪರ್ಲ್ ಎಂದೋ, ಸೀದಾ ಮತ್ತು ಉಲ್ಟಾ ಎಂದೋ ಕರೆಯುತ್ತಾರೆ. ಸೀದಾ ಹೆಣೆಯುವಾಗ ದಾರ ಕೆಲಸದ ಹಿಂದೆ ಇರಬೇಕು: ಕುಣಿಕೆಗಳಿರುವ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ಬಲಗಡ್ಡಿಯ ತುದಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಆ ತುದಿಗೆ ದಾರವನ್ನು ಒಂದು ಸುತ್ತು ಹಾಕಿ, ಸುತ್ತಿದ ದಾರವನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಂಡು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಬೇಕು. ಉಲ್ಟಾ ಹೆಣೆಯುವಾಗ ದಾರ ಮುಂದೆ ಇರುತ್ತದೆ, ಕಡ್ಡಿ ಬಲದಿಂದ ಎಡಕ್ಕೆ ಕುಣಿಕೆಯ ಮುಂಭಾಗದಿಂದ ಹೋಗುತ್ತದೆ, ದಾರ ಸುತ್ತಿದ ಮೇಲೆ ಅದನ್ನು ಹಿಂದಕ್ಕೆ ತಳ್ಳಬೇಕು. ಮೊದಲ 20 ಸಾಲುಗಳನ್ನು ಸೀದಾ ಮಾತ್ರ ಹೆಣೆಯಿರಿ. ಆನಂತರದ 32 ಸಾಲುಗಳಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯಿರಿ.

ಇಲ್ಲಿ ನಿಂತು ನೋಡಬೇಕು. ಸೀದಾ ಕುಣಿಕೆಯ ಮುಖ ಇಂಗ್ಲಿಷಿನ ವಿ ಅಕ್ಷರದಂತಿದ್ದು, ಒಂದರ ಮೇಲೊಂದು ಕೂತಾಗ ಬಿಗಿಯಾಗಿ ಹೆಣೆದ ಜಡೆಯಂತೆ ಕಾಣುತ್ತದೆ. ಅದೇ ಕುಣಿಕೆಯನ್ನು ಹಿಂದಿನಿಂದ ನೋಡಿದರೆ ಮೆಂತ್ಯದ ಕಾಳಿನಂಥ ಅಡ್ಡ ಉಬ್ಬು. ಅಂದರೆ ಸೀದಾ ಮತ್ತು ಉಲ್ಟಾ ಎಂಬುವು ಒಂದೇ ಕುಣಿಕೆಯ ಎರಡು ಬದಿಗಳು. ಇದು ಕಣ್ಣಿಗೆ ಬಿದ್ದ ದಿನದಿಂದ ಅರ್ಧಕ್ಕೆ ಬಿಟ್ಟ ಕೆಲಸವನ್ನು ವಾರದ ಮೇಲೆ ಎತ್ತಿಕೊಂಡರೂ ಮುಂದಿನ ಸಾಲು ಯಾವುದೆಂದು ಯಾರನ್ನೂ ಕೇಳಬೇಕಾಗುವುದಿಲ್ಲ: ನಿಮ್ಮ ಕಡೆಗೆ ಜಡೆ ಕಂಡರೆ ಸೀದಾ, ಕಾಳು ಕಂಡರೆ ಉಲ್ಟಾ. ಸಾಲು ಎಣಿಸುವುದಕ್ಕೂ ಬೇರೆ ಪುಸ್ತಕ ಬೇಡ, ಒಂದು ಜಡೆಯ ವಿಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿದರಾಯಿತು. ಚೌಕದ ಮೇಲಿನ ಭಾಗದ ಅಂಚುಗಳು ಸುರುಳಿ ಸುತ್ತಿಕೊಳ್ಳುವುದೂ ಈಗ ಕಾಣುತ್ತದೆ. ಎಲ್ಲ ವಿಗಳೂ ಒಂದೇ ಕಡೆಗೆ ಇರುವ ಹೆಣಿಗೆಯ ಸ್ವಭಾವವೇ ಅದು. ನಾನು ಇದನ್ನು ಅರಿಯದೆ ಮೊದಲ ಮಫ್ಲರನ್ನು ಪೂರ್ತಿ ಈ ಹೆಣಿಗೆಯಲ್ಲೇ ಮಾಡಿದ್ದೆ. ಅದು ಕುತ್ತಿಗೆಗೆ ಸುತ್ತುವ ಬಟ್ಟೆಯಾಗದೆ ನೀರಿನ ಪೈಪಿನಂತೆ ಸುತ್ತಿಕೊಂಡು ನಿಂತಿತು. ಬರೀ ಸೀದಾ ಹೆಣೆದ ಕೆಳಗಿನ ಭಾಗ ಮಟ್ಟಸವಾಗಿರುವುದನ್ನು ಹೋಲಿಸಿ ನೋಡಿ.

ಎರಡು ತಪ್ಪುಗಳು ಎಲ್ಲರಿಗೂ ಆಗುತ್ತವೆ. ಒಂದು, 30 ಇದ್ದ ಕುಣಿಕೆಗಳು ಕೆಲವು ಸಾಲಿನ ಮೇಲೆ 33 ಆಗಿರುತ್ತವೆ. ಸಾಲಿನ ಆರಂಭದಲ್ಲಿ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಾಗ ಮೊದಲ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಗಳಂತೆ ಕಂಡು ಎರಡನ್ನೂ ಹೆಣೆದಿರುತ್ತೀರಿ, ಇಲ್ಲವೇ ಸೀದಾ ಹೆಣೆಯುವಾಗ ದಾರವನ್ನು ಮುಂದೆಯೇ ಮರೆತಿರುತ್ತೀರಿ. ಮೊದಲನೆಯದಾದರೆ ಅಂಚು ಓರೆಯಾಗುತ್ತದೆ, ಎರಡನೆಯದಾದರೆ ನಡುವೆ ತೂತು ಬೀಳುತ್ತದೆ. ಪ್ರತಿ ನಾಲ್ಕು ಸಾಲಿಗೊಮ್ಮೆ ಎಣಿಸುವ ಅಭ್ಯಾಸವಿದ್ದರೆ ಇದು ಬೇಗ ಸಿಕ್ಕಿಬೀಳುತ್ತದೆ. ಇನ್ನೊಂದು, ಕುಣಿಕೆ ಕಡ್ಡಿಯಿಂದ ಜಾರಿ ಕೆಳಕ್ಕೆ ಏಣಿಯಂತೆ ಬಿಚ್ಚಿಕೊಳ್ಳುವುದು. ಗಾಬರಿಯಿಂದ ಕಡ್ಡಿ ಎಳೆಯಬಾರದು. ಜಡೆಯ ಬದಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಜಾರಿದ ಕುಣಿಕೆಗೆ ಕ್ರೋಶಾ ಕಡ್ಡಿಯ ಕೊಕ್ಕೆ ಸಿಕ್ಕಿಸಿ, ಅದರ ಮೇಲಿರುವ ಏಣಿಯ ಮೆಟ್ಟಿಲನ್ನು ಕುಣಿಕೆಯೊಳಗಿಂದ ಎಳೆದುಕೊಂಡು, ಮತ್ತೆ ಅದರ ಮೇಲಿನ ಮೆಟ್ಟಿಲನ್ನು ಎಳೆದುಕೊಂಡು, ಹೀಗೆ ಏರುತ್ತ ಬಂದು ಕೊನೆಯ ಕುಣಿಕೆಯನ್ನು ಕಡ್ಡಿಗೆ ಹಾಕಬೇಕು. ಚೌಕದಲ್ಲಿ ಒಂದು ಕುಣಿಕೆಯನ್ನು ಬೇಕೆಂದೇ ಐದಾರು ಸಾಲು ಜಾರಿಸಿ ಎತ್ತಿ ನೋಡಿ ಎಂದು ನಾನು ಕಲಿಯುವವರಿಗೆಲ್ಲ ಹೇಳುತ್ತೇನೆ. ಒಮ್ಮೆ ಎತ್ತಿದವರಿಗೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದ ಮೇಲೆಯೇ ಇದು ಹವ್ಯಾಸವಾಗುವುದು.

ಚೌಕವನ್ನು ಮುಗಿಸಲು ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಬೇಕು, ಇನ್ನೊಂದನ್ನು ಹೆಣೆದು ಮತ್ತೆ ದಾಟಿಸಬೇಕು. ಉಳಿದ ಕೊನೆಯ ಕುಣಿಕೆಯೊಳಗೆ ಕತ್ತರಿಸಿದ ದಾರವನ್ನು ಎಳೆಯಬೇಕು. ಆಮೇಲೆ ಚೌಕವನ್ನು ಎಳೆಯದೆ ಮೇಜಿನ ಮೇಲೆ ಹರಡಿ, ಜಡೆಯ ಭಾಗದ ನಡುವೆ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಬೇಕು. ಕೆಳಗಿನ ಕುಲಾವಿಗೆ 22 ಬರಬೇಕು. 24 ಬಂದರೆ ಕೈ ಬಿಗಿ ಎಂದರ್ಥ, 4.5 ಮಿಲಿಮೀಟರಿನ ಕಡ್ಡಿ ತೆಗೆದುಕೊಳ್ಳಿ. 20 ಬಂದರೆ ಸಡಿಲ, 3.75 ಮಿಲಿಮೀಟರಿನದು ಸಾಕು. ಎರಡೇ ಕುಣಿಕೆಯ ವ್ಯತ್ಯಾಸವೆಂದು ಬಿಟ್ಟರೆ ಕುಲಾವಿಯ ಸುತ್ತಳತೆ ಸುಮಾರು 3 ಸೆಂಟಿಮೀಟರ್ ಏರುಪೇರಾಗುತ್ತದೆ.

ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಹೆಣಿಗೆ ಹಿಗ್ಗುವುದರಿಂದ ಕುಲಾವಿ 32 ಸೆಂಟಿಮೀಟರ್ ಇದ್ದರೆ ತಲೆಗೆ ಹಿತವಾಗಿ ಕೂರುತ್ತದೆ. 72 ಕುಣಿಕೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಎಂಬ ಕ್ರಮದಲ್ಲಿ 8 ಸಾಲು ಹೆಣೆಯಬೇಕು. ಇದು ಹಿಗ್ಗಿ ಕುಗ್ಗುವ ಪಟ್ಟಿ. ಬಳಿಕ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು ಹೆಣೆಯುತ್ತ ಬುಡದಿಂದ ಒಟ್ಟು 10 ಸೆಂಟಿಮೀಟರ್ ಎತ್ತರಕ್ಕೆ ಬಂದು ಉಲ್ಟಾ ಸಾಲಿನಲ್ಲಿ ನಿಲ್ಲಿಸಬೇಕು. ಇನ್ನು ನೆತ್ತಿಯ ಭಾಗ. 6 ಕುಣಿಕೆ ಸೀದಾ ಹೆಣೆದು, ಮುಂದಿನ 2 ಕುಣಿಕೆಗಳೊಳಗೆ ಒಟ್ಟಿಗೆ ಕಡ್ಡಿ ತೂರಿಸಿ ಒಂದಾಗಿ ಹೆಣೆಯಬೇಕು. ಸಾಲಿನ ಕೊನೆಯವರೆಗೆ ಹೀಗೆಯೇ ಮಾಡಿದರೆ 63 ಉಳಿಯುತ್ತವೆ. ಒಂದು ಸಾಲು ಉಲ್ಟಾ. ಮುಂದಿನ ಸೀದಾ ಸಾಲಿನಲ್ಲಿ 5 ಹೆಣೆದು 2 ಕೂಡಿಸಬೇಕು, 54 ಉಳಿಯುತ್ತವೆ. ಪ್ರತಿ ಸೀದಾ ಸಾಲಿನಲ್ಲಿ ನಡುವಿನ ಕುಣಿಕೆಗಳನ್ನು ಒಂದೊಂದು ಕಡಿಮೆ ಮಾಡುತ್ತ, ನಡುನಡುವೆ ಉಲ್ಟಾ ಸಾಲು ಹೆಣೆಯುತ್ತ ಹೋದರೆ 45, 36, 27, 18 ಆಗಿ, ಕೊನೆಗೆ ಎರಡೆರಡನ್ನು ಕೂಡಿಸಿದಾಗ 9 ಉಳಿಯುತ್ತವೆ. ಯಾವ ಸಾಲಿನಲ್ಲಿ ಎಣಿಕೆ ಒಂಬತ್ತರ ಮಗ್ಗಿಗೆ ಹೊಂದುವುದಿಲ್ಲವೋ ಆ ಸಾಲಿನಲ್ಲೇ ತಪ್ಪಿದೆ.

ದಾರವನ್ನು ಸುಮಾರು 40 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಒಂಬತ್ತೂ ಕುಣಿಕೆಗಳೊಳಗೆ ಎರಡು ಸುತ್ತು ತೂರಿಸಿ ಸಂಚಿಯ ಬಾಯಿಯಂತೆ ಬಿಗಿಯಬೇಕು, ಅದೇ ದಾರದಿಂದ ಹಿಂಬದಿಯ ಅಂಚುಗಳನ್ನು ಹೊಲಿಯಬೇಕು. ಗಂಟು ಹಾಕಿ ಕತ್ತರಿಸುವುದು ಬೇಡ, ಗಂಟು ಎಳೆಯ ತಲೆಗೆ ಒತ್ತುತ್ತದೆ. ತುದಿಯನ್ನು ಒಳಬದಿಯ ಉಬ್ಬುಗಳಲ್ಲಿ ನಾಲ್ಕೈದು ಸೆಂಟಿಮೀಟರ್ ಹಾಯಿಸಿ, ದಿಕ್ಕು ತಿರುಗಿಸಿ ಮತ್ತೆ ಹಾಯಿಸಿದರೆ ಬಿಚ್ಚುವುದಿಲ್ಲ. ಹಳೆಯ ಬಟ್ಟೆಯ ಕುಲಾವಿಗಿದ್ದಂತೆ ಗದ್ದದ ಕೆಳಗೆ ಕಟ್ಟುವ ಲಾಡಿಯನ್ನಾಗಲಿ, ಮಣಿ ಗುಂಡಿಗಳನ್ನಾಗಲಿ ಇದಕ್ಕೆ ಸೇರಿಸಬಾರದು. ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಟ್ಟ ಮೇಲೆ, ಹೊರಗೆ ಚಳಿಗೆ ಕರೆದೊಯ್ಯುವಾಗ ಕುಲಾವಿ ಹಾಕಬಹುದು. ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಬೇಕು, ಏಕೆಂದರೆ ಕೂಸಿನ ಮೈಯ ಕಾವು ಬಹಳಮಟ್ಟಿಗೆ ಹೊರಹೋಗುವುದು ತಲೆಯ ಮೂಲಕವೇ, ಅದನ್ನು ಮುಚ್ಚಿಟ್ಟರೆ ಮೈ ಅತಿಯಾಗಿ ಬಿಸಿಯಾಗಬಹುದು.

ಅಕ್ರಿಲಿಕ್ಕಿಗೆ ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಅದು ಜೀವ ಕಳೆದುಕೊಂಡು ಜೋತುಬೀಳುತ್ತದೆ, ನಿಜವಾದ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಎರಡನ್ನೂ ತಣ್ಣೀರಿನಲ್ಲಿ ಅದ್ದಿ ಒಗೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಬೇಕು.

ಕುಲಾವಿ ಮುಗಿದ ಮೇಲೆ ಉಳಿದ ಉಂಡೆಯ ಚೀಟಿಯನ್ನು ಎಸೆಯಬೇಡಿ. ಅದರ ಹಿಂದೆ ಕಡ್ಡಿಯ ಅಳತೆ, ಹಾಕಿದ ಕುಣಿಕೆಗಳ ಸಂಖ್ಯೆ, 10 ಸೆಂಟಿಮೀಟರಿಗೆ ನಿಮ್ಮ ಕೈಗೆ ಬಂದ ಎಣಿಕೆ, ಇಷ್ಟನ್ನು ಬರೆದು ಉಂಡೆಯೊಳಗೆ ಸಿಕ್ಕಿಸಿಡಿ. ಕೂಸಿಗೆ ಆರು ತಿಂಗಳಾಗಿ ತಲೆ ದೊಡ್ಡದಾದಾಗ ಅದೇ ಚೀಟಿಯನ್ನು ತೆಗೆದು, 72ಕ್ಕೆ ಬದಲು 90 ಕುಣಿಕೆ ಹಾಕಿ, ನೆತ್ತಿಯ ಮೊದಲ ಸಾಲಿನಲ್ಲಿ 8 ಹೆಣೆದು 2 ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. 90 ನಾಲ್ಕರಿಂದ ಭಾಗವಾಗದ ಕಾರಣ ಪಟ್ಟಿಯನ್ನು ಮಾತ್ರ ಒಂದು ಸೀದಾ, ಒಂದು ಉಲ್ಟಾ ಎಂದು ಹೆಣೆಯಬೇಕು.