ಬಟ್ಟಲಿಗೆ ಮೊದಲು ಪಲ್ಯ ಬಡಿಸಿ

ಹರಿವೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ ಅಂತ ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಊಟ ಮುಗಿಸಿ ಕೈ ತೊಳೆದ ಕೂಡಲೇ ಒಂದು ಲೋಟ ಚಾ ಬೇಕು. ಚಾದ ಒಗರು ಆ ಕಬ್ಬಿಣ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೂ ಚಾಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಪಲ್ಯ ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಲಿಂಬೆ ಹಿಂಡಿ. ಲಿಂಬೆಯ ಸಿ ವಿಟಮಿನ್ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಕುದಿಯುವಾಗಲೇ ಹಿಂಡಿದರೆ ಬಿಸಿಗೆ ಅದರ ಸತ್ವ ಕಡಿಮೆಯಾಗುತ್ತದೆ. ವಿಟಮಿನ್‌ಗಳ ಹೆಸರು ಬಾಯಿಪಾಠ ಇರುವುದಕ್ಕಿಂತ ಇಷ್ಟು ಗೊತ್ತಿದ್ದರೆ ಮನೆಮಂದಿಗೆ ಜಾಸ್ತಿ ಉಪಕಾರ.

ನಮ್ಮ ಕುಂಬಳೆ, ಬದಿಯಡ್ಕ ಕಡೆ ಕುಚ್ಚಲಕ್ಕಿ ಅಂದರೆ ತುಂಬಾ ನಂಬಿಕೆ. ಆ ನಂಬಿಕೆಗೆ ಕಾರಣವೂ ಇದೆ. ಭತ್ತ ಬೇಯಿಸುವಾಗ ತೌಡಿನ ಬಿ ವಿಟಮಿನ್ ಸ್ವಲ್ಪ ಅಕ್ಕಿಯೊಳಗೆ ಇಳಿಯುತ್ತದೆ. ಹಾಗಂತ ಸಕ್ಕರೆ ಕಾಯಿಲೆ ಇರುವವರು ಹೊಟ್ಟೆ ತುಂಬಾ ಉಣ್ಣುವುದು ಸರಿಯಲ್ಲ. ಕುಚ್ಚಲಕ್ಕಿಯಾದರೂ ಅನ್ನ ಅನ್ನವೇ, ಅಲ್ವಾ? ಬಟ್ಟಲಿಗೆ ಮೊದಲು ಅನ್ನ ಸುರಿದರೆ ಪಲ್ಯಕ್ಕೆ ಮೂಲೆಯಷ್ಟೇ ಸಿಗುವುದು. ಮೊದಲು ಬಸಳೆಯೋ ಅಲಸಂಡೆಯೋ ತೊಂಡೆಯೋ ಬಡಿಸಿ, ಉಳಿದ ಜಾಗಕ್ಕೆ ಅನ್ನ ಹಾಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲೂ ದಿನದ ಆಹಾರದ ಹತ್ತಿರ ಹತ್ತಿರ ಅರ್ಧ ತಟ್ಟೆ ತರಕಾರಿ, ಸೊಪ್ಪು, ಗೆಡ್ಡೆ, ಹಣ್ಣುಗಳದ್ದೇ.

ಬರೀ ಗಂಜಿ, ಉಪ್ಪಿನಕಾಯಿ ಉಂಡು ಏಳಬೇಡಿ. ರಾತ್ರಿ ಹುರುಳಿ ನೆನೆಸಿಡಿ. ಬೇಯಿಸಿದ ನೀರನ್ನು ಸುಮ್ನೆ ಚೆಲ್ಲಬೇಡಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡಿ. ಕಾಳಿಗೆ ತೆಂಗಿನತುರಿ ಹಾಕಿದರೆ ಪಲ್ಯವಾಯಿತು. ಮೀನು ತಿನ್ನುವವರಿಗೆ ಬೂತಾಯಿಗಿಂತ ಒಳ್ಳೆಯದು ಹುಡುಕಬೇಕಾಗಿಲ್ಲ. ಹೃದಯಕ್ಕೆ ಹಿತವಾದ ಕೊಬ್ಬು ಅದರಲ್ಲಿದೆ. ದಿನಾ ಎಣ್ಣೆಯಲ್ಲಿ ಕಾಯಿಸುವ ಬದಲು ಹುಳಿ, ಖಾರ ಹಾಕಿದ ಸಾರು ಪುಳಿಮುಂಚಿ ಮಾಡಿ.

ಉಪ್ಪಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ತಲೆ ಸಮ ಮಾಡಿದ ಒಂದು ಚಿಕ್ಕ ಚಮಚ. ಮನೆಯಲ್ಲಿ ನಾಲ್ಕು ಜನ ದೊಡ್ಡವರಿದ್ದರೆ ಬೆಳಗ್ಗೆಯೇ ಮೂರು ಚಮಚ ಉಪ್ಪು ಚಿಕ್ಕ ಡಬ್ಬಿಗೆ ತೆಗೆದಿಡಿ. ಇಡೀ ದಿನದ ಅಡುಗೆ ಅದರಲ್ಲೇ ಆಗಬೇಕು. ನಾಲ್ಕನೆಯ ಚಮಚ ಹಪ್ಪಳ, ಉಪ್ಪಿನಕಾಯಿ, ಅಂಗಡಿ ಮಿಕ್ಸ್ಚರ್‌ಗಳ ಪಾಲು. ಮಧ್ಯಾಹ್ನಕ್ಕೇ ಡಬ್ಬಿ ಬರಿದಾದರೆ ಕೈ ಎಲ್ಲಿ ಹೆಚ್ಚಾಗುತ್ತಿದೆ ಅಂತ ನಿಮಗೇ ತಿಳಿಯುತ್ತದೆ. ರುಚಿಗೆ ಪುನರ್ಪುಳಿ, ಕಾಳುಮೆಣಸು ಇದ್ದೇ ಇದೆ.

ಬಿಸ್ಕತ್ತು ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ. ಯಾವುದು ಹೆಚ್ಚು ಹಾಕಿದ್ದಾರೋ ಅದರ ಹೆಸರು ಮೊದಲು ಇರುತ್ತದೆ. ಮೈದಾ ಆದ ಮೇಲೆ ಸಕ್ಕರೆ ಬಂದರೆ ಅಲ್ಲೇ ಇಟ್ಟುಬಿಡಿ. ಬರಹ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಓದಿಸಿ. ಅಕ್ಷರ ಚಿಕ್ಕದಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬಹುದು.