ಮೊದಲು ಕಿವಿಗೆ ಕೂರಲಿ, ಆಮೇಲೆ ಸದ್ದಿನ ಮಾತು

‘ಬೇಸೇ ಇಲ್ಲ’ ಎಂದು ರಿಪೇರಿ ಮೇಜಿಗೆ ಬರುವ ಇಯರ್‌ಫೋನ್‌ಗಳಲ್ಲಿ ಬಹುಪಾಲಿಗೆ ಏನೂ ಆಗಿರುವುದಿಲ್ಲ. ಮೂತಿಗೆ ಹಾಕುವ ಮೆತ್ತನೆಯ ಟಿಪ್ ಕಿವಿಗೆ ಸರಿಯಾಗಿ ಕೂತಿರುವುದಿಲ್ಲ, ಅಷ್ಟೆ. ಕಿವಿಯೊಳಗೆ ಕೂರುವ ಇಯರ್‌ಫೋನ್ ಕೆಲಸ ಮಾಡುವುದೇ ಮುಚ್ಚಿದ ಗಾಳಿಯ ಮೇಲೆ. ಟಿಪ್‌ನಿಂದ ಕಿವಿತಮಟೆಯವರೆಗೆ ಇರುವುದು ಒಂದೆರಡು ಮಿಲಿಲೀಟರ್ ಗಾಳಿ. ಒಳಗಿನ ಪುಟ್ಟ ಸ್ಪೀಕರಾದ 10 ಮಿ.ಮೀ ಡ್ರೈವರ್‌ನ ಪೊರೆ ಕೂದಲೆಳೆಯಷ್ಟು ಅಲುಗಾಡಿ ಆ ಗಾಳಿಯನ್ನು ಒತ್ತುತ್ತದೆ. ಎಲ್ಲೋ ಒಂದು ಕಡೆ ಸೋರಿದರೆ ಮೊದಲು ಓಡಿಹೋಗುವುದು ಕೆಳಗಿನ ಸದ್ದು, ಅಂದರೆ ಬೇಸ್. ಮೇಲಿನ ಚುರುಕು ಸದ್ದು, ಅಂದರೆ ಟ್ರೆಬಲ್, ಹಾಗೇ ಉಳಿಯುತ್ತದೆ. ಹಾಗಾಗಿ ಅದೇ ಸೆಟ್ಟು ಒಬ್ಬರಿಗೆ ತಗಡು ಬಡಿದಂತೆ, ಇನ್ನೊಬ್ಬರಿಗೆ ತುಂಬಿದ ಕೊಡದಂತೆ ಕೇಳುತ್ತದೆ. ಆದ್ದರಿಂದ ನಾನು ಹಾಡು ಹಾಕಿ ಶುರು ಮಾಡುವುದೇ ಇಲ್ಲ.

ಡಬ್ಬಿಯಲ್ಲಿ ಬರುವ ಮೂರು ಜೊತೆ ಟಿಪ್‌ಗಳಲ್ಲಿ ಮಧ್ಯದ ಸೈಜು ಮೊದಲೇ ಹಾಕಿರುತ್ತದೆ. ಉಳಿದ ಎರಡು ಜೊತೆ ಎಷ್ಟೋ ಮನೆಗಳಲ್ಲಿ ಕವರಿನಿಂದ ಆಚೆಗೂ ಬಂದಿರುವುದಿಲ್ಲ. ಮೂರನ್ನೂ ಹಾಕಿ ನೋಡಬೇಕು, ಅದೂ ಎಡ ಬಲ ಬೇರೆಬೇರೆಯಾಗಿ. ಒಂದು ಕಿವಿಗೆ ಮಧ್ಯಮ, ಇನ್ನೊಂದಕ್ಕೆ ದೊಡ್ಡದು ಬೇಕಾಗುವುದು ವಿಶೇಷವೇನಲ್ಲ. ಹಾಕುವಾಗ ಎದುರು ಕೈಯಿಂದ ಕಿವಿಯ ಮೇಲಂಚನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದು, ಬಡ್ ಒಳಗಿಟ್ಟು ಅರ್ಧ ಸುತ್ತು ತಿರುಗಿಸಿ, ಆಮೇಲೆ ಕಿವಿ ಬಿಡಿ. ಕಿವಿಯ ದಾರಿ ನೇರವಾಗಿರುವುದಿಲ್ಲ. ಎಳೆದಾಗ ಮಾತ್ರ ನೆಟ್ಟಗಾಗುತ್ತದೆ.

ಕೂತಿದೆಯೇ ಎಂದು ನೋಡಲು ಯಾವ ಯಂತ್ರವೂ ಬೇಡ. ಬಾಯಿ ಮುಚ್ಚಿ ‘ಮ್‌ಮ್‌ಮ್’ ಎಂದು ಗುನುಗಿ. ಗುನುಗು ಎರಡೂ ಕಿವಿಯಲ್ಲಿ ಸಮನಾಗಿ, ತಲೆಯೊಳಗೆ ಮೊಳಗಿದಂತೆ ಕೇಳಬೇಕು. ಒಂದು ಕಡೆ ಮಾತ್ರ ಜೋರಾದರೆ ಇನ್ನೊಂದು ಕಡೆ ಸೋರುತ್ತಿದೆ. ಇನ್ನೂ ಖಚಿತವಾಗಬೇಕೆಂದರೆ ಒಂದೇ ಸ್ವರ ನುಡಿಸುವ ಟೋನ್ ಜನರೇಟರ್ ಆ್ಯಪ್‌ನಲ್ಲಿ 40 ಹರ್ಟ್ಸ್ ಹಾಕಿ, ಬಡ್ ಅನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಸದ್ದು ಉಬ್ಬಿದರೆ ಟಿಪ್ ಸಾಲದು. ವ್ಯತ್ಯಾಸವೇ ಇಲ್ಲದಿದ್ದರೆ ಸರಿಯಾಗಿದೆ.

ಇದಾದ ಮೇಲೆ ಕೊಡುಬಳೆ. ತಮಾಷೆಯಲ್ಲ. ಅಗಿಯುವಾಗ ದವಡೆಯ ಕೀಲು ಕಿವಿಯ ದಾರಿಯ ಮುಂಗೋಡೆಯನ್ನು ಅತ್ತಿತ್ತ ತಳ್ಳುತ್ತದೆ. ಸುಮ್ಮನೆ ಕೂತಾಗ ಬಿಗಿಯಾಗಿದ್ದ ಟಿಪ್ ನಾಲ್ಕು ಸಲ ಅಗಿದರೆ ಸಡಿಲವಾಗಿ ಹೊರಗೆ ಜಾರಬಹುದು. 40 ಹರ್ಟ್ಸ್ ಹಾಗೇ ಓಡುತ್ತಿರಲಿ, ಒಂದು ಗಟ್ಟಿ ಕೊಡುಬಳೆ ಪೂರ್ತಿ ತಿನ್ನಿ. ಸದ್ದು ಬಂದು ಹೋಗಿ ಮಾಡಿದರೆ ಒಂದು ಸೈಜು ದೊಡ್ಡದು, ಇಲ್ಲವೇ ಫೋಮ್ ಟಿಪ್. ಆಮೇಲೆ ತಲೆಯನ್ನು ಎರಡೂ ಭುಜದ ಕಡೆ ತಿರುಗಿಸಿ, ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳಿ. ಚಳಿಗಾಲದಲ್ಲಿ ಮಂಕಿ ಕ್ಯಾಪ್ ಹಾಕುವವರು ಅದನ್ನೂ ಹಾಕಿ ನೋಡಬೇಕು. ಉದ್ದ ಬಾಲದ ಬಡ್ಸ್ ಅದರಡಿ ಸಿಕ್ಕಿಕೊಂಡು ಟಚ್ ಒತ್ತಿ ಹಾಡು ನಿಲ್ಲಿಸಿಬಿಡುತ್ತವೆ.

ಫೋಮ್ ಟಿಪ್ ಬೆರಳಲ್ಲಿ ಹೊಸಕಿ ತೆಳುಮಾಡಿ ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೂತರೆ ಹೊರಗಿನ ಸದ್ದು ತಡೆಯುವುದರಲ್ಲಿ ಸಿಲಿಕೋನ್ ಅದರ ಹತ್ತಿರ ಬರುವುದಿಲ್ಲ. ಆದರೆ ಚೂರು ಟ್ರೆಬಲ್ ನುಂಗುತ್ತದೆ, ಕೆಲವೇ ತಿಂಗಳಿಗೆ ಗಟ್ಟಿಯಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಬೆವರು ಹೀರಿ ಅಂಟಂಟಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕೋನೇ ಸಾಕು ಎನ್ನುತ್ತೇನೆ.

ಸುಖದ ವಿಚಾರದಲ್ಲಿ ಐದು ನಿಮಿಷದ ತೀರ್ಪು ಲೆಕ್ಕಕ್ಕಿಲ್ಲ. ನೋವು ಕಾಣಿಸಿಕೊಳ್ಳುವುದು ಮುಕ್ಕಾಲು ಗಂಟೆಯ ಮೇಲೆ. ಎರಡು ಗಂಟೆ ಹಾಕಿಕೊಂಡು ತೆಗೆದು, ಕನ್ನಡಿಯಲ್ಲಿ ನೋಡಿ. ಒಳಗಿನ ದಾರಿ ನೋಯುತ್ತಿದ್ದರೆ ಟಿಪ್ ದೊಡ್ಡದಾಗಿದೆ, ಬದಲಿಸಿದರೆ ಮುಗಿಯಿತು. ಹೊರಗಿನ ಬಟ್ಟಲಿನಂಥ ಭಾಗ ಕೆಂಪಾಗಿದ್ದರೆ ಬಡ್‌ನ ಮೈಯೇ ನಿಮ್ಮ ಕಿವಿಗೆ ಒಪ್ಪುವುದಿಲ್ಲ, ಅದಕ್ಕೆ ಮದ್ದಿಲ್ಲ. ವಾಪಸ್ ಕೊಡುವ ಅವಧಿಯೊಳಗೇ ಇದನ್ನು ನೋಡಿಕೊಳ್ಳಬೇಕು.

ಈಗ ಸದ್ದು. ಎರಡು ಸೆಟ್ ಹೋಲಿಸುವಾಗ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ. 1 ಡೆಸಿಬಲ್ ಹೆಚ್ಚಿದ್ದರೂ ಸಾಕು, ‘ಇದು ಕ್ಲಿಯರ್’ ಎನ್ನುತ್ತೇವೆ. ಫೋನಿನ ವಾಲ್ಯೂಮ್ ಗೀಟು ಒಂದೇ ಇದ್ದರೆ ಸದ್ದು ಒಂದೇ ಎಂದಲ್ಲ. ಪ್ರತಿ ಇಯರ್‌ಫೋನ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಕರೆಂಟಿಗೆ ಎಷ್ಟು ಜೋರಾಗುತ್ತದೆ ಎಂಬುದು, ಬೇರೆ. ನಾನು ಬಳಸುವುದು ಗಾರೆ ಕೆಲಸದವರು ನೀರುಮಟ್ಟ ನೋಡುವ ಲೆವೆಲ್ ಪೈಪಿನ ತುಂಡು. ಒಳಗಡೆ 8 ಮಿ.ಮೀ ಅಗಲದ್ದನ್ನು 2.5 ಸೆಂ.ಮೀ ಉದ್ದಕ್ಕೆ ಕತ್ತರಿಸಬೇಕು, ಹೆಚ್ಚುಕಡಿಮೆ ಕಿವಿಯ ದಾರಿಯಷ್ಟೇ ಉದ್ದ. ಒಂದು ತುದಿಗೆ ಸ್ಪಂಜು ತೆಗೆದ ಕಾಲರ್ ಮೈಕ್, ಸುತ್ತ ನಲ್ಲಿಯವರ ಟೆಫ್ಲಾನ್ ಟೇಪ್ ಗಾಳಿ ಸೋರದಷ್ಟು. ಇನ್ನೊಂದು ತುದಿಗೆ ಇಯರ್‌ಫೋನ್. ಮೈಕನ್ನು ಇನ್ನೊಂದು ಫೋನಿಗೆ ಸಿಕ್ಕಿಸಿ, 500 ಹರ್ಟ್ಸ್ ಟೋನ್ ಹಾಕಿ, ಡೆಸಿಬಲ್ ಆ್ಯಪ್‌ನಲ್ಲಿ ಎರಡೂ ಸೆಟ್ಟು ಒಂದೇ ಅಂಕಿ ತೋರಿಸುವ ವಾಲ್ಯೂಮ್ ಗುರುತು ಮಾಡಿಕೊಳ್ಳಿ. ಆ ಅಂಕಿ ನಿಜವಾದ ಡೆಸಿಬಲ್ ಅಲ್ಲ, ಹೋಲಿಕೆಗೆ ಮಾತ್ರ. ಇದೇ ಪೈಪಿನಲ್ಲಿ ಟ್ರೆಬಲ್ ಅಳೆಯಲು ಹೋಗಬೇಡಿ. 5,000 ಹರ್ಟ್ಸ್ ದಾಟಿದ ಮೇಲೆ ಬಡ್ ಎಷ್ಟು ಒಳಗೆ ಕೂತಿದೆ ಎಂಬುದರ ಮೇಲೇ ಅಂಕಿ ಕುಣಿಯುತ್ತದೆ.

ಡಬ್ಬಿಯ ಮೇಲಿನ ‘20–40,000 ಹರ್ಟ್ಸ್’ ಓದಿ ಮರುಳಾಗಬೇಡಿ. ಎಷ್ಟು ಡೆಸಿಬಲ್ ಏರಿಳಿತದೊಳಗೆ ಎಂದು ಬರೆಯದ ಆ ಅಂಕಿಗೆ ಅರ್ಥವಿಲ್ಲ. ಮನುಷ್ಯರ ಕಿವಿಯ ಮಿತಿಯೇ 20,000 ಹರ್ಟ್ಸ್. ದೊಡ್ಡ ಡ್ರೈವರ್ ಅಂದರೆ ಒಳ್ಳೆ ಸದ್ದು ಎಂಬುದೂ ಅಂಥದ್ದೇ ಮಾತು.

ಸದ್ದು ಪರೀಕ್ಷಿಸಲು ನಿಮಗೆ ಬಾಯಿಪಾಠವಾದ ಧ್ವನಿ ಬೇಕು, ಹೊಸ ಹಾಡಲ್ಲ. ಮೃದಂಗ ಒಂಟಿಯಾಗಿ ನುಡಿಯುವ ತನಿ ಒಳ್ಳೆಯದು. ಎಡಗಡೆಯ ದಪ್ಪ ದನಿಯ ಮುಖವಾದ ತೊಪ್ಪಿಯ ಗುಂಕಿ, ಅಂದರೆ ಜಾರು ನಾದ, ಏರುವಾಗ ಸ್ವರ ಏರುವುದು ಸ್ಪಷ್ಟವಾಗಿ ಕೇಳಬೇಕು. ಬರೀ ‘ಧಂ ಧಂ’ ಎಂದು ಒಂದೇ ಉಂಡೆಯಾಗಿ ಬಂದರೆ ಆ ಬೇಸ್ ಉಬ್ಬಿಸಿದ್ದು. ತಂಬೂರಿಯಲ್ಲಿ ತಂತಿಯಡಿಯ ನೂಲಾದ ಜೀವಾಳದ ಝೇಂಕಾರ ತಂತಿಯಿಂದ ಎದ್ದು ಮೇಲಕ್ಕೆ ಹರಡಬೇಕು. ಮಂಕಾಗಿದ್ದರೆ ಮೇಲಿನ ಭಾಗ ಕಡಿಮೆ. ಯಕ್ಷಗಾನದ ರೆಕಾರ್ಡಿಂಗಿನಲ್ಲಿ ಚಂಡೆಯ ಏಟು ಮತ್ತು ತಾಳ ಒಟ್ಟಿಗೆ ಬೀಳುವ ಜಾಗ ಹುಡುಕಿ. ಒಳ್ಳೆಯದರಲ್ಲಿ ಎರಡೂ ಬಿಡಿಬಿಡಿ, ಅಗ್ಗದ್ದರಲ್ಲಿ ಒಂದೇ ರಾಚು. ಭಾಗವತರ ದನಿ ಚಂಡೆಯ ಹಿಂದೆ ಅಡಗಿದರೆ 2,000–3,000 ಹರ್ಟ್ಸ್ ಆಸುಪಾಸು ತಗ್ಗಿಸಿದ್ದಾರೆ. ತೆರೆದ ಕಿವಿಯ ದಾರಿ ತಾನೇ ಹೆಚ್ಚಿಸಿ ಕೇಳುವ ಭಾಗ ಅದು. ಬಡ್ ಹಾಕಿ ದಾರಿ ಮುಚ್ಚಿದಾಗ ಆ ಹೆಚ್ಚಳವನ್ನು ಇಯರ್‌ಫೋನೇ ತುಂಬಿಕೊಡಬೇಕು.

ಮಾತಿಗೆ ನಾನು ಒಂದೇ ವಾಕ್ಯ ಇಟ್ಟುಕೊಂಡಿದ್ದೇನೆ: ‘ಸಕಲೇಶಪುರದ ಸಂತೆಯಲ್ಲಿ ಶುಂಠಿ ಸಸ್ತಾ.’ ಗಂಡಸು, ಹೆಂಗಸು ಇಬ್ಬರಿಂದಲೂ ಓದಿಸಿ ರೆಕಾರ್ಡ್ ಮಾಡಿಕೊಳ್ಳಿ. ಶ-ದ ಬಲ ಸುಮಾರು 3,000 ಹರ್ಟ್ಸ್ ಸುತ್ತ, ಸ-ದ ಬಲ 5,000ದಿಂದ 8,000ದ ನಡುವೆ. ಸ ಬಂದಾಗಲೆಲ್ಲ ಸೂಜಿ ಚುಚ್ಚಿದಂತಾದರೆ ಅಲ್ಲಿ ಗುಡ್ಡ ಎದ್ದಿದೆ. ಅಂಥ ಸೆಟ್ಟು ಅರ್ಧ ಗಂಟೆಗೆ ತಲೆನೋವು ತರುತ್ತದೆ. ಸ ಮೊಂಡಾಗಿ ಶ-ದ ಕಡೆಗೆ ವಾಲಿದರೆ ಅಲ್ಲಿ ಹಳ್ಳ. ಬ್ಲೂಟೂತ್‌ನದ್ದಾದರೆ ಈ ಪರೀಕ್ಷೆಯನ್ನು ಕಾಲ್ ಮಾಡುತ್ತಾ ಮಾಡಬೇಡಿ. ಮೈಕ್ ಚಾಲೂ ಆದ ತಕ್ಷಣ ಧ್ವನಿ ಕಿರಿದಾಗುತ್ತದೆ. ಹಳೆಯ ಪದ್ಧತಿಯಲ್ಲಿ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕಟ್, ಹಾಗಾಗಿ ಸ ಮತ್ತು ಫ ಒಂದೇ ಆಗಿಬಿಡುತ್ತವೆ. ಅದು ಇಯರ್‌ಫೋನ್ ತಪ್ಪಲ್ಲ. ಮೈಕ್ ನೋಡಬೇಕೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದೇ ವಾಕ್ಯ ಹೇಳಿ, ಮನೆಗೆ ಬಂದು ಕೇಳಿ.

ಒಂದು ಕಡೆ ಸದ್ದು ಕಡಿಮೆ ಎಂಬ ದೂರಿಗೆ ಒಂದು ನಿಮಿಷದ ಪರೀಕ್ಷೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಎರಡೂ ಕಿವಿಗೆ ಒಂದೇ ಸದ್ದು ಕಳಿಸುವ ಮೋನೋ ಆನ್ ಮಾಡಿ. ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಎಡಕ್ಕೆ ವಾಲಿದರೆ ಬಡ್‌ಗಳನ್ನು ಅದಲುಬದಲು ಮಾಡಿ. ಆಕಾರ ಒಪ್ಪದಿದ್ದರೆ ಒಂದೇ ಬಡ್ ಕೈಯಲ್ಲಿ ಹಿಡಿದು ಎರಡೂ ಕಿವಿಗೆ ಒತ್ತಿ ನೋಡಿ. ವಾಲು ಬಡ್ ಜೊತೆ ಹೋದರೆ ದೋಷ ಬಡ್‌ನದ್ದು. ವಾಲು ಅದೇ ಕಿವಿಯಲ್ಲಿ ಉಳಿದರೆ ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು. ಹೇರ್‌ಪಿನ್ ಬೇಡ, ಡಾಕ್ಟರ ಹತ್ತಿರ ಹೋಗಿ. ಬಡ್‌ನದ್ದೇ ಆದರೂ ಕಾರಣ ಸಾಮಾನ್ಯವಾಗಿ ಜಾಲರಿಗೆ ಮೆತ್ತಿದ ಗುಗ್ಗೆಯೇ. ಟಿಪ್ ತೆಗೆದು, ಮೂತಿ ಕೆಳಗೆ ಮಾಡಿ ಹಿಡಿದು, ಒಣ ಮೃದು ಟೂತ್‌ಬ್ರಷ್‌ನಿಂದ ಉಜ್ಜಿ, ಉದುರಿದ್ದು ಹೊರಗೇ ಬೀಳಲಿ. ಉಳಿದದ್ದನ್ನು ಗೋಡೆಗೆ ಪೋಸ್ಟರ್ ಅಂಟಿಸುವ ಬ್ಲೂ ಟ್ಯಾಕ್ ಉಂಡೆ ಒತ್ತಿ ಎತ್ತಿ. ಪಿನ್ನು ಚುಚ್ಚಿದರೆ ಜಾಲರಿ ಹರಿಯುತ್ತದೆ. ಸ್ಯಾನಿಟೈಸರ್ ಸುರಿದರೆ ಗುಗ್ಗೆ ಕರಗಿ ಡ್ರೈವರ್ ಮೇಲೆಯೇ ಇಳಿಯುತ್ತದೆ, ಜಾಲರಿಯ ಅಂಟೂ ಬಿಡುತ್ತದೆ.

ಕೊನೆಗೆ 20ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್, ಸಣ್ಣ ವಾಲ್ಯೂಮಿನಲ್ಲಿ. ಎಲ್ಲಾದರೂ ‘ಝರ್’ ಎಂದರೆ ಪೊರೆಗೆ ಕೂದಲು ಅಥವಾ ಧೂಳು ತಾಗುತ್ತಿದೆ. ಹೊಸ ಪೀಸಿನಲ್ಲಿ ಇದು ಕೇಳಿದರೆ ಕಣ್ಣುಮುಚ್ಚಿ ವಾಪಸ್.

ಶಿರಾಡಿ ಘಾಟಿಯ ಬಸ್ಸು ಇನ್ನೊಂದು ಪರೀಕ್ಷೆ. ಸುಮಾರು 900 ಮೀಟರ್ ಎತ್ತರದ ಸಕಲೇಶಪುರದಿಂದ ಗುಂಡ್ಯದವರೆಗೆ ಇಳಿಯುವಾಗ ಗಾಳಿಯ ಒತ್ತಡ ಏರುತ್ತದೆ. ಕಿವಿ ಕಟ್ಟುವುದು ಹೇಗೂ ಇದ್ದದ್ದೇ. ಗಾಳಿಕಂಡಿ ಇಲ್ಲದ, ಬಿಗಿ ಟಿಪ್‌ನ ಸೆಟ್ಟಾದರೆ ಒಳಗಿನ ಹೊರಗಿನ ಒತ್ತಡ ಸಮವಾಗದೆ ಪೊರೆಯೂ ಒಂದು ಕಡೆ ಎಳೆದುಕೊಂಡು ನಿಂತು, ಒಂದು ಬದಿಯ ಸದ್ದು ಇಳಿದುಹೋಗುತ್ತದೆ. ಕೆಟ್ಟಿತೆಂದು ಗಾಬರಿಬೀಳಬೇಡಿ, ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ. ಹಾಕುವಾಗಲೆಲ್ಲ ‘ಚಟ್’ ಎನ್ನುವ ಪೀಸುಗಳಿಗೂ ಇದೇ ಕಾಯಿಲೆ. ಎಎನ್‌ಸಿ, ಅಂದರೆ ಹೊರಗಿನ ಗದ್ದಲವನ್ನು ಎದುರು ಸದ್ದಿನಿಂದ ಅಳಿಸುವ ಸೌಲಭ್ಯ, ಇದ್ದರೆ ಹಿಂದಿನ ಸೀಟಿನಲ್ಲಿ ಕೂತು ಆನ್-ಆಫ್ ಮಾಡಿ. ಎಂಜಿನ್ನಿನ ಗೊರಗೊರ ಅರ್ಧಕ್ಕಿಂತ ಹೆಚ್ಚು ಮಾಯವಾಗಬೇಕು. ಹಾರ್ನ್, ಕಂಡಕ್ಟರ್ ಸೀಟಿ ಮಾಯವಾಗುವುದಿಲ್ಲ. 1,000 ಹರ್ಟ್ಸ್ ಮೇಲಿನದನ್ನು ತಡೆಯುವುದು ಬಹುಮಟ್ಟಿಗೆ ಟಿಪ್ಪೇ.

ಟಿಪ್ ಕೂತವರಿಗೆ ಬಸ್ಸಿನಲ್ಲೂ ವಾಲ್ಯೂಮ್ ಅರ್ಧ ಸಾಕು, ಸೋರುವವರು ಪೂರ್ತಿ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 80 ಡೆಸಿಬಲ್‌ಗೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5.

ಬಾಳಿಕೆಯಲ್ಲಿ ವೈರಿನದ್ದು ಮೂರು ಕಡೆ ಸಾಯುತ್ತದೆ: ಜ್ಯಾಕಿನ ಬುಡ, ಎರಡಾಗಿ ಕವಲೊಡೆಯುವ ಜಾಗ, ಬಡ್‌ನ ಬುಡ. ಹಾಡು ಓಡುತ್ತಿರುವಾಗ ಮೂರೂ ಕಡೆ ನಾಲ್ಕು ದಿಕ್ಕಿಗೆ ಬಗ್ಗಿಸಿ. ಕರಕರ ಎಂದರೆ ಒಳಗೆ ಎಳೆ ಹೋಗಿದೆ. ಮಲ್ಟಿಮೀಟರಿನಲ್ಲಿ ಜ್ಯಾಕಿನ ತುದಿ ಎಡ, ಅದರ ಮುಂದಿನ ಉಂಗುರ ಬಲ, ಮೂರನೆಯದು ಗ್ರೌಂಡ್, ಬುಡದ್ದು ಮೈಕ್. 16 ಓಮ್ ಸೆಟ್ಟಿನಲ್ಲಿ ಎರಡೂ ಬದಿ 16ರ ಹತ್ತಿರವೇ ತೋರಿಸಬೇಕು, ಎಡಬಲ ವ್ಯತ್ಯಾಸ 1–2 ಓಮ್ ದಾಟಬಾರದು. ಅಳೆಯುವಾಗ ಕಿವಿಯಲ್ಲಿ ಇರಬಾರದು. ಜ್ಯಾಕ್ ಬದಲಿಸುವುದಾದರೆ ಬುಡದಿಂದ 3–4 ಸೆಂ.ಮೀ ಬಿಟ್ಟು ಕತ್ತರಿಸಿ. ಒಳಗಿನ ಬಣ್ಣದ ಎಳೆಗಳ ಮೇಲೆ ವಾರ್ನಿಷ್ ಪದರ ಇರುತ್ತದೆ. ಅದನ್ನು 380 ಡಿಗ್ರಿ ಸೋಲ್ಡರಿಂಗ್ ಐರನ್‌ನಲ್ಲಿ ಬೆಸುಗೆಯ ಲೆಡ್ ಹಚ್ಚಿ ಸುಡದೆ ಬೆಸೆದರೆ ನೋಡಲು ಚೆಂದ, ಕರೆಂಟು ಮಾತ್ರ ಹಾಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಕೊಳ್ಳುವುದಾದರೆ ಕೇಬಲ್ ಬಿಚ್ಚಿ ಬದಲಿಸುವಂಥದ್ದನ್ನೇ ಕೊಳ್ಳಿ. 0.78 ಮಿ.ಮೀ ಎರಡು ಪಿನ್ನಿನದು ಮಳೆಸೀಮೆಗೆ ವಾಸಿ. ಸುತ್ತ ತಿರುಗುವ ಎಂಎಂಸಿಎಕ್ಸ್ ಕೀಲು ಸವೆದು, ಕಿಲುಬು ಹಿಡಿದು ಬಿಟ್ಟುಬಿಟ್ಟು ಬರುತ್ತದೆ.

ವೈರ್‌ಲೆಸ್‌ನಲ್ಲಿ ಮೊದಲು ಸಾಯುವುದು ಬ್ಯಾಟರಿ. ಎರಡೂ ತುಂಬಿಸಿ, ಅರ್ಧ ವಾಲ್ಯೂಮಿನಲ್ಲಿ ಓಡಿಸಿ, ಯಾವುದು ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆದಿಡಿ. ಹೊಸದರಲ್ಲೇ ಎರಡರ ನಡುವೆ ಅರ್ಧ ಗಂಟೆ ವ್ಯತ್ಯಾಸ ಬಂದರೆ ಬದಲಿಸಿ ಕೊಡಲು ಕೇಳಿ. ಕಾಲ್‌ಗೆ ಸದಾ ಒಂದೇ ಕಡೆಯದನ್ನು ಹಾಕುವವರಿಗೆ ಅದೇ ಬೇಗ ಸೋಲುತ್ತದೆ, ಅದಲುಬದಲು ಮಾಡುತ್ತಿರಿ. ಡಬ್ಬಿಯ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, ‘ಆರ್’ ಅಕ್ಷರದ ಮುಂದೆ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರಬೇಕು.

ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಎರಚಿದ ನೀರು ತಡೆಯುತ್ತದೆ, ಅಷ್ಟೆ. ಐಪಿಎಕ್ಸ್7 ಎಂದರೆ 1 ಮೀಟರ್ ನೀರಲ್ಲಿ 30 ನಿಮಿಷ. ಎರಡೂ ಪರೀಕ್ಷೆ ಸಿಹಿನೀರಿನವು, ಬೆವರಿನವಲ್ಲ. ಕೇಸಿಗೆ ಎಷ್ಟೋ ಸಲ ಆ ರಕ್ಷಣೆಯೂ ಇಲ್ಲ. ನಮ್ಮ ಕಡೆ ಬಡ್ಸ್ ಸಾಯುವುದು ಕೇಸಿನೊಳಗೇ: ಒದ್ದೆ ಬಡ್ ಒಳಗಿಟ್ಟು ಮುಚ್ಚಿದ ಕೂಡಲೇ ಚಾರ್ಜಿಂಗ್ ಶುರುವಾಗಿ, ಉಪ್ಪು ಬೆವರು ಮತ್ತು ಕರೆಂಟು ಸೇರಿ ಪಿನ್ನುಗಳನ್ನು ತಿನ್ನುತ್ತವೆ. ಹತ್ತಿಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಹೊರಗಿಟ್ಟು, ಆಮೇಲೆ ಕೇಸು. ಪಿನ್ನು ಕಪ್ಪಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಉಜ್ಜಿ.

ರಾತ್ರಿಗೆ ಒಂದು ಗಾಳಿಯಾಡದ ಡಬ್ಬಿ, ಒಳಗೆ 50 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್. ಅಕ್ಕಿ ಬೇಡ, ಅದರ ಹಿಟ್ಟು ಜಾಲರಿಗೆ ಕೂರುತ್ತದೆ. ಕಿತ್ತಳೆ ಹರಳು ಹಸಿರಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ, ಬಣ್ಣ ಮರಳುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.