ಗರಸು ಮಡ್ಡಿಯಲ್ಲಿ ಮೊದಲು ತೊಗರಿ, ಆಮೇಲೆ ಗಂಧ

ಹುನಗುಂದ ತಾಲೂಕಿನಲ್ಲಿ ನನ್ನದು ಮೂರು ಎಕರೆ ಮಡ್ಡಿ. ಗೇಣುದ್ದ ಅಗೆದರೆ ಗರಸು. ಸಜ್ಜೆ, ಹುರುಳಿ ಬಿತ್ತಿದರೆ ಬೀಜದ ಖರ್ಚೂ ಹುಟ್ಟುತ್ತಿರಲಿಲ್ಲ. ಈಗ ಅಲ್ಲಿ ಸುಮಾರು 350 ಶ್ರೀಗಂಧ ನಿಂತಿವೆ. ಏಳನೇ ವರ್ಷ, ಎರಡಾಳೆತ್ತರ. "ಗಂಧ ನಮ್ಮ ಬಿಸಿಲಿಗೆ ಬರಂಗಿಲ್ಲ ತಮ್ಮಾ" ಅಂದವರೇ ಈಗ ಸಸಿ ಎಲ್ಲಿ ಸಿಗ್ತಾವು ಅಂತ ಕೇಳುತ್ತಾರೆ.

ಮೊದಲು ಹಾಕಿದ್ದು ಸಾಗುವಾನಿ. ಬೇರಿಳಿಯಲು ಆಳವಿಲ್ಲದೆ ಬಡಕಲಾಗಿ ನಿಂತಿತು. ಆಮೇಲೆ ಗಂಧ. ಅದು ಪಕ್ಕದ ಗಿಡದ ಬೇರಿನಿಂದ ನೀರು, ಸಾರ ಹೀರಿ ಬೆಳೆಯುವ ಗಿಡ, ಆಸರೆ ಬೇಕೇ ಬೇಕು. ಎಲ್ಲರೂ ಹೇಳುವ ಹಾಗೆ ತೊಗರಿ ಜೊತೆ ಒಂದೇ ಸಲ ಹಾಕಿದೆ. ತೊಗರಿ ಬೇರು ಹಬ್ಬುವ ಮೊದಲೇ ಮಳೆ ಕೈಕೊಟ್ಟಿತು. ಗಂಧ ಹಳದಿಯಾಗಿ ಅರ್ಧಕ್ಕಿಂತ ಜಾಸ್ತಿ ಒಣಗಿತು. ಎರಡೂ ಸೇರಿ 60 ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಟ್ಯಾಂಕರ್ ನೀರಿನದೇ ಅರ್ಧ.

ಮೂರನೇ ಸಲ ಜೆಸಿಬಿ ತರಿಸಿ ಇಳಿಜಾರಿಗೆ ಅಡ್ಡ ಟ್ರೆಂಚ್ ಹೊಡೆಸಿದೆ. 25 ಸಾವಿರ ಬಿತ್ತು. ಟ್ರೆಂಚಿನ ಕೆಳಬದಿಗೆ ಬರೀ ತೊಗರಿ ಬಿತ್ತಿದೆ, ಗಂಧ ಇಲ್ಲ. ರಾಶಿ ಆದ ಮೇಲೆ ಗಿಡ ಕೀಳದೆ ಕೂಳೆ ಬಿಟ್ಟೆ. ಮುಂದಿನ ಮುಂಗಾರಿಗೆ ಚಿಗುರಿದ ಕೂಳೆಯ ಪಕ್ಕದಲ್ಲೇ ಗಂಧ ನೆಟ್ಟೆ. ಆಸರೆಯ ಬೇರು ಮೊದಲೇ ತಯಾರಿತ್ತು, ಸಸಿ ಹಿಡಿದುಕೊಂಡುಬಿಟ್ಟಿತು. ಕೂಳೆಯನ್ನು ಎಷ್ಟು ಎತ್ತರಕ್ಕೆ, ಯಾವಾಗ ಕತ್ತರಿಸಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ತೊಗರಿ ಎರಡು-ಮೂರು ವರ್ಷದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಗಂಧಕ್ಕೆ ಮುಂದಿನ ಆಸರೆಯಾಗಿ ನಡುವೆ ಹೊಂಗೆ ಏಳಬೇಕು.

ಬೇಲಿಗೆ ದುಡ್ಡಿರಲಿಲ್ಲ. ಸುತ್ತಲೂ ಸೀತಾಫಲ ಹಾಕಿ ನೋಡಿದೆ. ಆಡು ಅದರ ಎಲೆ ಮುಟ್ಟುವುದಿಲ್ಲ, ಗೊತ್ತಲ್ವಾ. ಬೇಲಿಯೂ ಆಯಿತು, ಕಳೆದ ವರ್ಷ ಇಳಕಲ್ ಸಂತೆಯಲ್ಲಿ ಎಂಟು-ಹತ್ತು ಸಾವಿರವೂ ಬಂತು. ನುಗ್ಗೆಯನ್ನೂ ಒಂದು ಸಾಲು ಹಾಕಿದ್ದೆ. ಗೆದ್ದಲು ತಿಂದಿತು.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗೆ ಮೂರು ವರ್ಷಕ್ಕೆ 35, 40, 50 ಹೀಗೆ ಒಟ್ಟು 125 ರೂಪಾಯಿ. ನನಗೆ 40 ಸಾವಿರದ ಮೇಲೆ ಸಿಕ್ಕಿತು. ಟ್ರೆಂಚಿನ ಖರ್ಚು ಅಲ್ಲಿಗೇ ತೀರಿತು. ಗಂಧದ ದುಡ್ಡನ್ನು ಈಗಲೇ ಲೆಕ್ಕ ಹಾಕಬೇಡಿ. ಚೇಗು, ಅಂದರೆ ಕಾಂಡದೊಳಗಿನ ವಾಸನೆಯ ತಿರುಳು, ಕಟ್ಟಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಮನೆ ನಡೆಯುವುದು ಸೀತಾಫಲ ಮತ್ತು ಆಡಿನ ಮೇಲೆ.

2001ರ ತಿದ್ದುಪಡಿ ಆದಾಗಿನಿಂದ ಹೊಲದ ಗಂಧಕ್ಕೆ ಬೆಳೆದವನೇ ಮಾಲೀಕ. ಆದರೂ ನೆಟ್ಟ ವರ್ಷವೇ ಪಹಣಿಯಲ್ಲಿ ಬರೆಸಿ. ನಾಳೆ ಕಟಾವಿಗೆ ಅರ್ಜಿ ಹಾಕುವಾಗ ಅರಣ್ಯ ಇಲಾಖೆಯವರು ಪಹಣಿ ಕೇಳುತ್ತಾರೆ.